ಬರುವವನ ಹಿಂದೆ ಹೋಗುವವನನ್ನು ಕಂಡವರು

ಐಸ್ ಹಾಕಿಯಲ್ಲಿ ಗೋಲು ಹೊಡೆದವನ ಹೆಸರು ಊರಿನವರ ಬಾಯಲ್ಲೆಲ್ಲ ಇರುತ್ತದೆ. ಅವನನ್ನು ತಂಡಕ್ಕೆ ತರಬಹುದೇ, ತಂದರೆ ಉಳಿದವರ ಗತಿಯೇನು ಎಂದು ತೂಗಿ ನೋಡಿದವರ ಹೆಸರು ಪಕ್ಕದ ಮನೆಯವರಿಗೂ ತಿಳಿದಿರುವುದಿಲ್ಲ. ಥಂಡರ್ ಬೇ ಊರಿನ ಲೇಕ್‌ಹೆಡ್ ಲೂನ್ಸ್ ತಂಡದಲ್ಲಿ ಈ ಹೊಣೆಯನ್ನು ಕಾಲು ಶತಮಾನ ಹೊತ್ತು ಇದೀಗ ನಿವೃತ್ತರಾಗುತ್ತಿರುವ ಶ್ರೀಮತಿ ಐಲಾ ಕಿವಿಸ್ತೊ ಅವರು ಅಂಥವರಲ್ಲಿ ಅಗ್ರಗಣ್ಯರು.

ಲೀಗಿನ ನಿಯಮ ಕಠಿಣ. ಆಟಗಾರರ ಸಂಬಳಗಳೆಲ್ಲ ಸೇರಿ ಒಂದು ಮಿತಿಯನ್ನು ದಾಟುವಂತಿಲ್ಲ. ಮಾಲೀಕರು ಎಷ್ಟೇ ಸಿರಿವಂತರಾಗಿರಲಿ, ದುಬಾರಿ ಆಟಗಾರನೊಬ್ಬ ಒಳಗೆ ಬಂದರೆ ಇನ್ಯಾರೋ ಹೊರಗೆ ನಡೆಯಬೇಕು. ತಂಡಗಳು ಆಟಗಾರರನ್ನು ವಿನಿಮಯ ಮಾಡಿಕೊಳ್ಳುವ ಗಡುವಿನ ದಿನ ಎಲ್ಲರೂ ಬರುವವನ ಗುಣಗಾನದಲ್ಲಿ ಮುಳುಗಿರುವಾಗ ಐಲಾ ಅವರದು ಒಂದೇ ಪ್ರಶ್ನೆ: "ಇವ್ನು ಬಂದ್ರೆ ಯಾರು ಹೋಗ್ಬೇಕು?" ಉತ್ತರ ಸಿಗುವವರೆಗೆ ಮೇಜಿನ ಮೇಲಿನ, ಈ ಊರಿನ ಮೆಚ್ಚಿನ ಸಿಹಿತಿಂಡಿಯಾದ ಪರ್ಷಿಯನ್ ಬನ್ನುಗಳ ಡಬ್ಬಿಯನ್ನು ಯಾರಿಗೂ ಬಿಚ್ಚಗೊಡುತ್ತಿರಲಿಲ್ಲ. ಎಷ್ಟೋ ಹುಡುಗರ ಸಂಸಾರ ಈ ಊರಿನಲ್ಲೇ ಉಳಿದದ್ದು ಆ ಹಠದಿಂದ. ಹೋಗಲೇಬೇಕಾದವರ ಮನೆಗೆ, ಸುದ್ದಿ ರೇಡಿಯೊದಲ್ಲಿ ಬರುವ ಮುನ್ನ, ತಾವೇ ಹೋಗಿ ತಿಳಿಸುತ್ತಿದ್ದರು. ಅವರ ಮಕ್ಕಳಿಗೆ ಹೊಸ ಊರಿನಲ್ಲಿ ಶಾಲೆಯನ್ನೂ ಗೊತ್ತುಮಾಡಿಕೊಡುತ್ತಿದ್ದರು.

ಮುಂದಿನ ಸಂಗತಿ ಅವರಿಗೆ ಅರ್ಪಿಸುವ ಈ ಅಭಿನಂದನ ಗ್ರಂಥಕ್ಕೆ ಉಚಿತವಲ್ಲವೆಂದು ಸಂಪಾದಕರು ಹಿಂಜರಿದರು. ಅದನ್ನು ಬರೆಯದಿದ್ದರೆ ಗ್ರಂಥವೇ ಬೇಡವೆಂದವರು ಸ್ವತಃ ಐಲಾ.

ಮಾರೆಕ್ ಹುಡೆಟ್ಸ್ ಎಂಬ ಹೆಸರಾಂತ ಆಟಗಾರನನ್ನು ತರುವ ಮಾತು ಬಂದ ವರ್ಷ ತಂಡಕ್ಕೆ ಕಪ್ ಗೆಲ್ಲುವ ಆಸೆ ಹುಟ್ಟಿತ್ತು. ಅವನ ಒಪ್ಪಂದ ಉದ್ದ, ಸಂಬಳ ಭಾರಿ, ಮಂಡಿ ದುರ್ಬಲ.

"ಮಂಡಿ ಕೈಕೊಟ್ರೆ ಏನ್ರೀ ಗತಿ?" ಎಂದರು ವ್ಯವಸ್ಥಾಪಕ ನೀಲ್ ಡ್ರಿಸ್ಕಲ್.

"ಕೈಕೊಟ್ರೆ ಗಾಯಾಳು ಅಂತ ಕೂರಿಸೋಣ. ಆಡಕ್ಕಾಗ್ದೋರ ಸಂಬಳ ಮಿತಿಗೆ ಅಡ್ಡ ಬರಲ್ಲ," ಎಂದರು ಐಲಾ. ಅಂದು ಅವರೂ ಆಸೆಗೆ ಬಿದ್ದಿದ್ದರು. ತಮ್ಮ ಪ್ರಶ್ನೆಯನ್ನು ಕೇಳದೆಯೇ ಡಬ್ಬಿ ಬಿಚ್ಚಿದರು.

ಒಳ್ಳೆಯದಾದರೆ ಏನು, ಕೆಟ್ಟರೆ ಏನು ಎಂದು ಯೋಚಿಸಿದ್ದವರು ನಡುವಿನದನ್ನು ಮರೆತಿದ್ದರು. ಮಂಡಿ ಪೂರ್ತಿ ಕೈಕೊಡಲೂ ಇಲ್ಲ, ನೆಟ್ಟಗಾಗಲೂ ಇಲ್ಲ. ಹುಡೆಟ್ಸ್ ಛಲದ ಮನುಷ್ಯ; ಹಲ್ಲುಕಚ್ಚಿ ಪ್ರತಿ ಪಂದ್ಯವನ್ನೂ ಆಡಿದ, ಗೋಲು ಮಾತ್ರ ಬರಲಿಲ್ಲ. ಆಡುವವನನ್ನು ಗಾಯಾಳು ಎನ್ನುವುದು ಹೇಗೆ? ಮರುವರ್ಷ ಉಳಿದವರ ಸಂಬಳವೂ ಏರಿದಾಗ ಮಿತಿಯೊಳಗೆ ನಿಲ್ಲಲು ವೇಲನ್ ಪೆಲ್ಟಿಯರ್‌ನನ್ನು ಬಿಟ್ಟುಕೊಡಬೇಕಾಯಿತು. ವೇಲನ್ ನದಿಯಾಚೆಯ ಒಜಿಬ್ವೆ ಮೂಲನಿವಾಸಿಗಳ ಹುಡುಗ, ಕಾಯಿಲೆಯ ತಾಯಿಯನ್ನು ನೋಡಿಕೊಂಡು ಇಲ್ಲೇ ಆಡುತ್ತಿದ್ದವನು. ಸುದ್ದಿ ಹೇಳಲು ಐಲಾ ಹೋದಾಗ ಅವನು ಕೇಳಿದ್ದಿಷ್ಟೆ: "ಐಲಕ್ಕ, ಅವನ್ನ ತರೋ ದಿನ ನನ್ ಹೆಸ್ರು ಬಂದಿತ್ತಾ?"

ಬಂದಿರಲಿಲ್ಲ. ಎಂದಿನಂತೆ ಕೇಳಿದ್ದರೆ ಬರುತ್ತಿತ್ತು, ಬಂದಿದ್ದರೆ ಐಲಾ ಒಪ್ಪುತ್ತಿರಲಿಲ್ಲ. ಆ ಚಳಿಗಾಲ ತಾಯಿ ತೀರಿಕೊಂಡಾಗ ವೇಲನ್ ದೂರದ ಊರಿನಲ್ಲಿ ಪಂದ್ಯವಾಡುತ್ತಿದ್ದ. ಕಪ್ಪಂತೂ ಬರಲೇ ಇಲ್ಲ.

ಕಳೆದ ತಿಂಗಳು ಬೀಳ್ಕೊಡುಗೆಯ ಊಟಕ್ಕೆ ವೇಲನ್ ಬಂದ. ತಲೆ ನರೆತಿತ್ತು, ಕೈಯಲ್ಲಿ ಪರ್ಷಿಯನ್ ಡಬ್ಬಿಯಿತ್ತು.

"ನಾನ್ ಬಂದೆ, ಐಲಕ್ಕ. ಈಗ ಯಾರನ್ನ ಕಳಿಸ್ತೀರಿ?"

"ನಾನೇ ಹೊರಟಿದ್ದೀನಲ್ಲಪ್ಪ," ಎಂದರು ಐಲಾ. ವೇಲನ್ ಡಬ್ಬಿ ಬಿಚ್ಚಿ, ಮೊದಲ ಬನ್ನನ್ನು ಅವರ ಕೈಗಿಟ್ಟ.

ಅವನೀಗ ನದಿಯಾಚೆ ಮಕ್ಕಳಿಗೆ ಆಟ ಕಲಿಸುತ್ತಾನೆ. ಅದನ್ನು ನೋಡಲು ಐಲಾ ಅವರನ್ನೂ ಕರೆದಿದ್ದಾನೆ. ಅವರಿಗೆ ಆಯುರಾರೋಗ್ಯಗಳು ತುಂಬಿರಲಿ. ಎಷ್ಟು ಮಕ್ಕಳು ಬಂದರೂ ಯಾರೂ ಹೋಗಬೇಕಿಲ್ಲದ ಆ ಆಟವನ್ನು ಅವರು ಬಹುಕಾಲ ಕಣ್ತುಂಬ ನೋಡಲಿ.