ವಖಾರಿಯಲ್ಲಿ ಹೆಣವಾಗಿ ಮಲಗಿದ ಮಧ್ಯಾಹ್ನ

ನಾನು ಚಿಕ್ಕೋಡಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಹೋದ ವರ್ಷ ದೀಪಾವಳಿ ರಜೆಯಲ್ಲಿ ನಿಪ್ಪಾಣಿಯಲ್ಲಿ ತಂಬಾಕು ಕೂಡಿಡುತ್ತಿದ್ದ ಹಳೆಯದೊಂದು ವಖಾರಿಯಲ್ಲಿ ಟಿವಿಗಾಗಿ ಸಿನಿಮಾ ತೆಗೆಯುತ್ತಿದ್ದರು. ಮಾತುಗಳನ್ನು ನಮ್ಮ ಕಡೆಯ ಕನ್ನಡಕ್ಕೆ ತಿದ್ದಿಕೊಡಿ ಎಂದು ನನ್ನನ್ನು ಕರೆದರು. ಕಥೆಯ ನಾಯಕ ಹಳೆಯ ಕಾದಂಬರಿಗಳ ಪತ್ತೇದಾರನೆಂದು ಕೇಳಿದ ಕೂಡಲೇ ಒಪ್ಪಿಕೊಂಡೆ. ನನ್ನ ತವರು ಪಾಲಬಾವಿಯಲ್ಲಿ ಅಪ್ಪನ ಟ್ರಂಕಿನ ತುಂಬ ಆ ಪತ್ತೇದಾರನ ಪುಸ್ತಕಗಳೇ ಇದ್ದವು. ಪುಸ್ತಕದಲ್ಲಿ ಅವನು ಟಾಂಗಾದಲ್ಲಿ ಬರುತ್ತಿದ್ದ, ತಂತಿ ಕಳಿಸುತ್ತಿದ್ದ, ನೆಲದ ಮೇಲೆ ಬಿದ್ದ ಬೀಡಿಯ ಬೂದಿ ನೋಡಿ ಕೊಲೆಗಾರನನ್ನು ಹಿಡಿಯುತ್ತಿದ್ದ. ಇವರು ಅವನನ್ನು ಈಗಿನ ಕಾಲಕ್ಕೆ ತಂದಿದ್ದರು. ಕೈಯಲ್ಲಿ ಮೊಬೈಲು, ಏರಲು ಮೋಟಾರ್ ಸೈಕಲ್ಲು. ಕಣ್ಣು ಮಾತ್ರ ಅದೇ, ಏನನ್ನೂ ಬಿಡದ ಕಣ್ಣು.

ಮೂರನೆಯ ದಿನ ಹೆಣವಾಗಬೇಕಿದ್ದ ಹೆಂಗಸು ಜ್ವರವೆಂದು ಬರಲಿಲ್ಲ. ನಿರ್ದೇಶಕಿ ಬೆಂಗಳೂರಿನ ಹುಡುಗಿ. ನನ್ನ ಕಡೆ ತಿರುಗಿ, "ಮೇಡಂ, ನೀವೇ ಮಲಗ್ತೀರಾ? ಎರಡೇ ನಿಮಿಷ," ಅಂದಳು.

ನನ್ನ ಜೊತೆ ಶೂಟಿಂಗ್ ನೋಡಲು ಬಂದಿದ್ದವಳು ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ಆಕೆ ನನ್ನ ಸೆರಗು ಜಗ್ಗಿದಳು.

"ಬ್ಯಾಡ್ರಿ ಅಕ್ಕಾರ. ಜೀವ ಇದ್ದಾವ್ರು ಹೆಣ ಆಗಬಾರ್ದು."

"ಹುಚ್ಚಿ, ಇದು ಆಟ," ಎಂದು ನನ್ನ ಬ್ಯಾಗನ್ನು ಆಕೆಯ ಕೈಗೆ ಕೊಟ್ಟೆ. ನನಗೆ ಒಳಗೊಳಗೇ ಖುಷಿ. ಹನ್ನೆರಡು ವರ್ಷದವಳಿದ್ದಾಗ ಯಾರ ಕಥೆಗಳನ್ನು ಹುಚ್ಚಾಗಿ ಓದಿದ್ದೆನೋ ಅವನು ಬಂದು ನನ್ನ ಪಕ್ಕ ಮೊಣಕಾಲೂರಿ ಕೂಡುತ್ತಾನಲ್ಲ!

ಗೋಣಿಚೀಲಗಳ ಮೇಲೆ ಮಲಗಿಸಿದರು. ಎರಡೂ ಕೈ ಎದೆಯ ಮುಂದೆ ಸೇರಿಸಿ ಮೈಗೆ ಬಿಗಿಯಾಗಿ ಹಗ್ಗ ಸುತ್ತಿದರು, ಬಾಯಿಗೆ ಬಟ್ಟೆ ಬಿಗಿದರು. ಸದ್ದು ಬರುತ್ತದೆಂದು ಫ್ಯಾನ್ ನಿಲ್ಲಿಸಿ ದೊಡ್ಡ ಬಾಗಿಲು ಮುಚ್ಚಿದರು. ವಖಾರಿ ಖಾಲಿಯಾಗಿ ಎಷ್ಟೋ ವರ್ಷವಾಗಿದ್ದರೂ ಚೀಲದ ಎಳೆಎಳೆಯಲ್ಲೂ ತಂಬಾಕಿನ ಘಾಟು ಕೂತಿತ್ತು. ದೀಪದ ಕಾವಿಗೆ ಅದು ಮೇಲೆದ್ದಿತು. ನನಗೆ ಚಿಕ್ಕಂದಿನಿಂದ ಉಬ್ಬಸ. ಬಹಳ ದಿನದಿಂದ ಬಂದಿರಲಿಲ್ಲ, ಹಾಗಾಗಿ ಶೂಟಿಂಗಿನವರಿಗೆ ಹೇಳಿರಲಿಲ್ಲ; ಉಸಿರು ಬಿಡಿಸುವ ಪಂಪ್ ನನ್ನ ಬ್ಯಾಗಿನಲ್ಲಿರುತ್ತದೆಂದು ಮನೆಯವರಿಗಷ್ಟೇ ಗೊತ್ತಿತ್ತು.

ಮೊದಲು ಗಂಟಲಲ್ಲಿ ಕೆರೆತ. ಕೆಮ್ಮಿದರೆ ದೃಶ್ಯ ಕೆಡುತ್ತದೆಂದು ತಡೆದೆ. ಆಮೇಲೆ ಎದೆಯ ಮೇಲೆ ಯಾರೋ ಹತ್ತಿ ಕೂತ ಹಾಗಾಯಿತು. ಮೂಗಿನಿಂದ ಎಳೆದಷ್ಟೂ ಗಾಳಿ ಒಳಗೆ ಹೋಗಲೊಲ್ಲದು. ಪತ್ತೇದಾರ ಬಂದ. ಮೊಬೈಲಿನ ಬೆಳಕು ನನ್ನ ಮುಖಕ್ಕೆ ಹಿಡಿದು, ನಾನೇ ಬರೆದುಕೊಟ್ಟ ಮಾತು ಹೇಳಿದ: "ಈಕಿ ಸತ್ತು ಭಾಳ ಹೊತ್ತಾಗಿಲ್ಲ."

ನಾನು ಕಣ್ಣು ತೆರೆದೆ. ಅವನ ಮುಖ ಒಂದು ಗೇಣಿನಷ್ಟು ದೂರದಲ್ಲಿತ್ತು. ಬದುಕಿದ್ದೇನೆ ಎಂದು ಹೇಳಲು ಬಾಯಿಲ್ಲ. ಮೈಯೆಲ್ಲ ಅಲುಗತೊಡಗಿತು.

"ಕಟ್! ನಗಬೇಡಿ ಮೇಡಂ," ಎಂದಳು ನಿರ್ದೇಶಕಿ. ಸುತ್ತ ನಿಂತವರೆಲ್ಲ ನಕ್ಕರು. ಪತ್ತೇದಾರನೂ ನಕ್ಕ.

ಆ ನಗು ಕೇಳಿದಾಗ ಆದಂಥ ಹೆದರಿಕೆ ನನಗೆ ಹಿಂದೆಂದೂ ಆಗಿರಲಿಲ್ಲ. ಇಪ್ಪತ್ತು ಮಂದಿ ನೋಡುತ್ತಿದ್ದಾರೆ, ನಾನು ಸಾಯುತ್ತಿದ್ದೇನೆ, ಅವರು ನಗುತ್ತಿದ್ದಾರೆ. "ಇನ್ನೊಂದು ಸಲ ತಗೊಳ್ಳೋಣ," ಎಂಬ ಮಾತು ದೂರದಿಂದ ಕೇಳಿಸಿತು. ಮಕ್ಕಳ ಮುಖ ನೆನಪಾಗಲಿಲ್ಲ, ದೇವರೂ ನೆನಪಾಗಲಿಲ್ಲ. ಗಾಳಿ, ಗಾಳಿ, ಅಷ್ಟೇ.

"ನಗಾಕತ್ತಿಲ್ರಿ ಆಕಿ! ಉಗುರು ನೋಡ್ರಿ, ನೀಲಿ ಆಗ್ಯಾವ!"

ನೆಗೆಣ್ಣಿಯ ದನಿ. ದೀಪದ ಸ್ಟ್ಯಾಂಡ್ ಧಡ್ ಎಂದು ಉರುಳಿದ್ದು ಕೇಳಿತು. ಆಕೆ ನನ್ನ ಬಾಯಿಗೆ ಕಟ್ಟಿದ್ದ ಬಟ್ಟೆ ಹರಿದು, ಬ್ಯಾಗನ್ನು ನೆಲಕ್ಕೆ ಸುರುವಿ, ಪಂಪ್ ಹುಡುಕಿ ನನ್ನ ಬಾಯಿಗಿಟ್ಟಳು. "ಬಾಗಲಾ ತಗೀರಿ! ಕಿವುಡ ಆಗೀರೇನ?" ಎಂದು ಊರಿಗೇ ಕೇಳುವ ಹಾಗೆ ಕೂಗಿದಳು. ನಾಲ್ಕು ಜನ ನನ್ನನ್ನು ಬೀದಿಗೆ ಎತ್ತಿ ತಂದರು.

ಆಸ್ಪತ್ರೆಯಲ್ಲಿ ಸಂಜೆಯವರೆಗೆ ಮೂಗಿಗೆ ಮಾಸ್ಕ್ ಹಾಕಿ ಔಷಧದ ಹಬೆ ಕೊಟ್ಟರು. ನಿರ್ದೇಶಕಿ ನನ್ನ ಮಂಚದ ಅಂಚಿಗೆ ಕೂತು ಅಳುತ್ತಿದ್ದಳು. ಪತ್ತೇದಾರನ ವೇಷದ ನಟ ಬಣ್ಣ ಒರೆಸದೆ ಹಾಗೇ ಬಂದಿದ್ದ.

"ಅಷ್ಟು ಹತ್ತಿರ ಇದ್ದೆ, ನನಗೆ ಕಾಣಲಿಲ್ಲಮ್ಮ," ಎಂದ. "ಮುಂದಿನ ಡೈಲಾಗ್ ನೆನಪು ಮಾಡ್ಕೊಳ್ತಿದ್ದೆ."

ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಉಬ್ಬಸದ ಮಾತು ಮುಚ್ಚಿಟ್ಟವಳು ನಾನೇ. ಮನೆಗೆ ಬಂದ ಮೇಲೆ ಅತ್ತೆ ಮೆಣಸಿನಕಾಯಿಯಿಂದ ದೃಷ್ಟಿ ತೆಗೆದು, ನನ್ನನ್ನು ಬಿಟ್ಟು ನೆಗೆಣ್ಣಿಗೇ ಬೈದರು: "ಮದಲ ಯಾಕ ಬಿಟ್ಟಿ ನೀ ಆಕಿನ್ನ?" ಆಕೆ ಒಲೆಯ ಮುಂದೆ ಕೂತು ಆಗ ಅತ್ತಳು.

ಮೂರು ತಿಂಗಳ ಮೇಲೆ ಒಂದು ಭಾನುವಾರ ಮಧ್ಯಾಹ್ನ ಸಿನಿಮಾ ಟಿವಿಯಲ್ಲಿ ಬಂತು. ಹೆಣದ ಪಾತ್ರಕ್ಕೆ ಬೇರೆ ಹೆಂಗಸನ್ನು ಹಾಕಿದ್ದಾರೆಂದು ಗೊತ್ತಿತ್ತು, ಆದ್ದರಿಂದ ಧೈರ್ಯ ಮಾಡಿ ಎಲ್ಲರ ಜೊತೆ ಕೂತೆ. ಪತ್ತೇದಾರ ವಖಾರಿಯ ಬಾಗಿಲು ನೂಕಿದ. ನನ್ನ ಮೂಗಿಗೆ ಘಾಟು ಬಡಿಯಿತು, ನಿಜವಾಗಿಯೂ ಬಡಿಯಿತು. ಎದ್ದು ಟಿವಿ ಆರಿಸಿಬಿಟ್ಟೆ.

"ಏ, ಕೊಲಿ ಮಾಡಿದಾಂವ ಯಾರಂತ ತಿಳೀಲಿಲ್ಲಲ್ಲ!" ಎಂದರು ನನ್ನ ಗಂಡ.

"ಆಮ್ಯಾಗ ಹೇಳ್ತೀನ್ರಿ," ಎಂದೆ.

ನೆಗೆಣ್ಣಿ ಎದ್ದು ಕಿಟಕಿಗಳನ್ನೆಲ್ಲ ತೆರೆದಳು.