ಮುಂಬಯಿ–ಬೆಳಗಾವಿ, ನಾನು ಅಳೆದಂತೆ

ಕನ್ನಡ ನಾಡು ಒಂದಾದ ವರ್ಷ ನಾನು ಲಕ್ಷ್ಮೇಶ್ವರದ ಶಾಲೆಯಲ್ಲಿ ಹೊಸ ಮಾಸ್ತರ. ಗೋಡೆಗೆ ಹೊಸ ನಕಾಶೆ ಬಂದಿತ್ತು, ನನ್ನ ತಲೆಗೆ ಹೊಸ ಕೊಬ್ಬು. ವಿಮಾನವೆಂದರೆ ಹುಚ್ಚು, ಕಣ್ಣಾರೆ ಕಂಡಿದ್ದು ಮಾತ್ರ ಆಕಾಶದಲ್ಲಿ, ಹದ್ದಿನಷ್ಟು.

ಅಂಥದರಲ್ಲಿ ದೊಡ್ಡಪ್ಪ ತೀರಿಕೊಂಡರು. ಮರುದಿನ ಬೆಳಿಗ್ಗೆ ಮುಂಬಯಿಯಿಂದ ಅವರ ಒಬ್ಬಳೇ ಮಗಳ, ನಾನು ಅಕ್ಕ ಎನ್ನುವವಳ, ತಾರು ಬಂತು: ಒಂಬತ್ತಕ್ಕೆ ಬೆಳಗಾವಿ ವಿಮಾನ ಹತ್ತುತ್ತೇನೆ, ತಡೆಯಿರಿ. ನಮ್ಮಲ್ಲಿ ಮಗಳು ಬಂದು ಮುಖ ನೋಡಿ, ತನ್ನ ಕೈಯಾರೆ ಒಂದು ಹಿಡಿ ಮಣ್ಣು ಹಾಕಬೇಕು. ಆದರೆ ಹೊತ್ತು ಮುಳುಗುವುದರೊಳಗೆ ಎಲ್ಲ ಮುಗಿಯಬೇಕು.

"ಮಾಸ್ತರ, ಎಷ್ಟೊತ್ತಿಗೆ ಬರ್ತಾಳಪಾ ಆಕಿ?" ಹಿರಿಯರು ನನ್ನನ್ನೇ ಕೇಳಿದರು.

ನಾನು ಶಾಲೆಗೆ ಓಡಿ ನಕಾಶೆಯ ಮೇಲೆ ಮುಂಬಯಿಗೂ ಬೆಳಗಾವಿಗೂ ದಾರ ಹಿಡಿದೆ. ವಿಮಾನದ ವೇಗ ಪತ್ರಿಕೆಯಲ್ಲಿ ಓದಿದ್ದೆ. "ಒಂದೂವರೆ ತಾಸು. ಅಲ್ಲಿಂದ ಮೋಟಾರು. ಎರಡಕ್ಕ ಬಾಗಲಾಗ ಇರ್ತಾಳ ನೋಡ್ರಿ" ಎಂದೆ. ಎಲ್ಲರೂ ತಲೆದೂಗಿದರು. ಖರೆ ಹೇಳಬೇಕೆಂದರೆ, ಸಾವಿನ ಮನೆಯಲ್ಲಿ ನನಗೆ ಖುಷಿಯಾಯಿತು.

ಎರಡಾಯಿತು, ಮೂರಾಯಿತು. ಆಕೆ ಬರಲಿಲ್ಲ.

"ಇನ್ನೊಂದೆರಡು ತಾಸು ತಡಿಯೂಣೇನು?" ಎಂದರು ದೊಡ್ಡಮ್ಮ. ಗೊತ್ತಿಲ್ಲ ಎಂದಿದ್ದರೆ ಸಾಕಿತ್ತು. ನನ್ನ ಬಾಯಿ ಸುಮ್ಮನಿರಲಿಲ್ಲ. "ವಿಮಾನಕ್ಕ ತಡಾ ಅನ್ನೂದಿಲ್ಲ ದೊಡ್ಡಮ್ಮ. ಆಕಿಗೆ ವಿಮಾನನ ತಪ್ಪೈತಿ. ಇವತ್ತ ಬರೂದಿಲ್ಲ."

ನಾಲ್ಕಕ್ಕೆ ಎತ್ತಿದರು. ಮಣ್ಣು ಮಾಡಿ ಬಂದು ಅಂಗಳದಲ್ಲಿ ಕಾಲು ತೊಳೆಯುತ್ತಿದ್ದೆವು. ಮಾಳಿಗೆಯ ಮೇಲೆ ಇನ್ನೂ ಬಿಸಿಲಿತ್ತು. ಅಕ್ಕ ಓಡುತ್ತ ಒಳಗೆ ಬಂದಳು.

ವಿಮಾನ ಸರಿಯಾದ ಹೊತ್ತಿಗೇ ಇಳಿದಿತ್ತು. ಆದರೆ ಇಳಿದದ್ದು ಬೆಳಗಾವಿ ಊರಿನಿಂದ ದೂರದ ಬಯಲಲ್ಲಿ. ಅಲ್ಲಿಂದ ಟಾಂಗಾ, ಬೆಳಗಾವಿಯಿಂದ ಹುಬ್ಬಳ್ಳಿಗೆ ರೈಲು, ಆಮೇಲೆ ಬಸ್ಸು. ನಾನು ನಿಲ್ಲಿಸಿಟ್ಟ ಮೋಟಾರು ನನ್ನ ತಲೆಯಲ್ಲಿ ಮಾತ್ರ ಇತ್ತು.

"ತಡೀರಿ ಅಂತ ಬರದಿದ್ನಲ್ಲ! ನಾ ಬರೂದಿಲ್ಲಂತ ಯಾರ್ ಹೇಳಿದ್ರು?" ಅಕ್ಕ ಎದೆ ಬಡಿದುಕೊಂಡಳು.

ದೊಡ್ಡಮ್ಮ ನನ್ನತ್ತ ಒಮ್ಮೆ ನೋಡಿದರು. "ಹೊತ್ತಾತಂತ ಎಲ್ಲಾರೂ ಕೂಡೇ ಮಾಡಿದ್ವಿ, ಮಗಳ" ಎಂದರು. ಹೇಳಿದ್ದು ನಾನೇ ಎನ್ನಲು ಅದೇ ಸಮಯ. ನಾನು ತಂಬಿಗೆ ಹಿಡಿದು, ತೊಳೆದ ಕಾಲನ್ನೇ ಮತ್ತೆ ತೊಳೆದೆ. ಅಂಥ ಹೇಡಿ ನಾನು.

ಅಕ್ಕ ಮುಂಬಯಿಗೆ ಹೊರಡುವ ದಿನ ನನ್ನನ್ನು ಕರೆದು, ಸೆರಗಿನ ಗಂಟು ಬಿಚ್ಚಿದಳು. ವಿಮಾನದಲ್ಲಿ ಕೊಟ್ಟ ಎರಡು ಪೆಪ್ಪರಮೆಂಟು.

"ನಿನಗ ವಿಮಾನ ಅಂದ್ರ ಹುಚ್ಚಲ್ಲೇನೋ. ತಿನ್ನದ ಇಟ್ಟಿದ್ನಿ. ತಗೋ."

ಕೈ ಚಾಚಿ ತೆಗೆದುಕೊಂಡೆ. ಆಗಲೂ ಹೇಳಲಿಲ್ಲ.