ಉಪ್ಪಿನಕಾಯಿ ಜಾಡಿಯಂಥ ಸ್ವೆಟರ್

ನಾನು ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಆದರೆ ಸ್ವೆಟರ್ ಹೆಣೆಯುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗುಬ್ಬಿಯ ಮನೆಯಲ್ಲಿ ಕೂತು ಹೆಣೆದದ್ದನ್ನು ಹದಿನೈದು ವರ್ಷದಿಂದ ತುಮಕೂರಿನ ಸದಾಶಿವನಗರದ ಒಂದು ಅಂಗಡಿಗೆ ಕೊಡುತ್ತಿದ್ದೆ. ಎದೆಯ ಮೇಲೆ ಗುಲಾಬಿ, ಇಲ್ಲವೇ ಜಡೆ, ಅಂಗಡಿಯ ಯಜಮಾನಿ ಹೇಳಿದ ಹಾಗೆ. ಅವೆಲ್ಲ ಒಳಗಿನ ಬೀರುವಿನಲ್ಲಿ ಮಡಚಿಕೊಂಡು ಬಿದ್ದಿರುತ್ತಿದ್ದವು. ಕಳೆದ ವರ್ಷ ಆಕೆ, ಚಳಿಗಾಲಕ್ಕೆ ಹೊಸ ನಮೂನೆಯ ಆರು ಸ್ವೆಟರ್ ತಂದರೆ ಮುಂದಿನ ಶೋಕೇಸಿನಲ್ಲಿ ಇಡುತ್ತೇನೆ ಅಂದಳು. ನನಗೆ ಆಸೆಯಾಯಿತು. ಹೊಸದನ್ನು ಎಲ್ಲಿಂದ ತರುವುದು?

ಬಟ್ಟೆಯ ಕೋರ್ಸ್ ಓದುತ್ತಿರುವ ಮೊಮ್ಮಗಳು ರಜಕ್ಕೆ ಬಂದಾಗ ಒಂದು ತುಂಡು ಜಪಾನಿನ ಬಟ್ಟೆ ತಂದಿದ್ದಳು. ನೀಲಿಯ ಮೇಲೆ ಬಿಳಿ ಚೌಕ, ಚೌಕದ ಅಂಚೆಲ್ಲ ಕಲಸಿಹೋಗಿತ್ತು. ಬಣ್ಣ ಬಿಟ್ಟಿದೆ, ವಾಪಸ್ ಕೊಡು ಅಂದೆ.

"ಬೇಕಂತ್ಲೇ ಹಂಗ್ ಮಾಡಿರೋದು ಕಣಜ್ಜಿ. ನೂಲಿಗೆ ಅಲ್ಲಲ್ಲಿ ಬಿಗಿಯಾಗಿ ಕಟ್ಟಿ ಬಣ್ಣಕ್ಕೆ ಅದ್ದಿ, ಆಮೇಲೆ ನೇಯ್ತಾರೆ."

ಬಟ್ಟೆ ಹಿಡಿದುಕೊಂಡೇ ಅಡುಗೆಮನೆಗೆ ಹೋದೆ. ಕಟ್ಟೆಯ ಮೇಲೆ ಪಿಂಗಾಣಿ ಜಾಡಿ ಕೂತಿತ್ತು, ಮೇಲೆ ಕಂದು, ಕೆಳಗೆ ಕೆನೆ ಬಣ್ಣ. ದಿನಾ ಅದರಿಂದ ಉಪ್ಪಿನಕಾಯಿ ತೆಗೆಯುತ್ತೇನೆ, ಒಂದು ದಿನವೂ ಜಾಡಿಯನ್ನು ನೋಡಿರಲಿಲ್ಲ. ಕಂದು ನಿಲ್ಲುವ ಗೀಟು ನೇರವಾಗಿರಲಿಲ್ಲ. ಒಂದು ಕಡೆ ಇಳಿದು, ಒಂದು ಕಡೆ ಏರಿ, ಗೂಡಿನಲ್ಲಿ ಸುಡುವಾಗ ಹೇಗೆ ಹರಿಯಿತೋ ಹಾಗೇ ನಿಂತಿತ್ತು. ಇದೂ ಅದೂ ಒಂದೇ ಅನ್ನಿಸಿತು. ಸ್ವೆಟರಿಗೆ ಹೊಸ ನಮೂನೆ ಸಿಕ್ಕಿತು.

ಬಣ್ಣಕ್ಕೆ ಅಡಿಕೆ ಬೇಯಿಸಿದ ಚೊಗರನ್ನು ಚೇಳೂರಿನ ನೆಂಟರ ಮನೆಯಿಂದ ಕ್ಯಾನಿನಲ್ಲಿ ತರಿಸಿದೆ. ನೂಲಿನ ಮೊದಲ ಲಡಿ ಅದ್ದಿ ಒಗೆದರೆ ಬಣ್ಣವೆಲ್ಲ ನೀರುಪಾಲು. ಅಂಗಡಿಯ ಉಲ್ಲನ್ ಉಣ್ಣೆಯೇ ಅಲ್ಲ, ಪ್ಲಾಸ್ಟಿಕ್ ನೂಲು ಎಂದಳು ಮೊಮ್ಮಗಳು. ಇಷ್ಟು ವರ್ಷ ಊರಿನ ಮಕ್ಕಳಿಗೆಲ್ಲ ನಾನು ಪ್ಲಾಸ್ಟಿಕ್ ತೊಡಿಸಿದ್ದೆ. ಅವಳೇ ನಿಜವಾದ ಕುರಿ ಉಣ್ಣೆ ತರಿಸಿಕೊಟ್ಟಳು. ಮೇಲಿನ ಭಾಗದ ನೂಲನ್ನು ಪೂರ್ತಿ ಅದ್ದಿ, ಕೆಳಗಿನದನ್ನು ಬಿಳಿಯಾಗೇ ಬಿಟ್ಟು, ಕಂದು ಮುಗಿದು ಬಿಳಿ ಶುರುವಾಗುವ ಜಾಗದ ನೂಲಿಗೆ ಮಾತ್ರ ಅಲ್ಲಲ್ಲಿ ಹಳೇ ಸೈಕಲ್ ಟ್ಯೂಬಿನ ಪಟ್ಟಿ ಕಟ್ಟಿ ಅದ್ದಿದೆ. ಹೆಣೆದಾಗ ಕಂದು ತನಗೆ ಬೇಕಾದ ಕಡೆ ಇಳಿಯಿತು. ಆರೂ ಆರು ಥರ ಬಂದವು.

ಕುಣಿಗಲಿನಿಂದ ಬಂದಿದ್ದ ನನ್ನ ತಂಗಿ ಒಂದನ್ನು ಎತ್ತಿ ಹಿಡಿದು ನೋಡಿದಳು. "ಇದೇನಕ್ಕ, ಜಾಡಿ ಹೆಣ್ದಿದೀಯ. ಮುಚ್ಚಳ ಎಲ್ಲಿ?"

"ಟೋಪಿ ಹೆಣೀತೀನಿ ಬುಡು" ಅಂದೆ.

ತುಮಕೂರಿನಲ್ಲಿ ಯಜಮಾನಿ ಸ್ವೆಟರನ್ನು ಟೇಬಲ್ ಮೇಲೆ ಹಾಸಿ ಸ್ಕೇಲ್ ಇಟ್ಟು ನೋಡಿದಳು. ಬಣ್ಣ ಚೆನ್ನಾಗಿದೆ, ಗೀಟು ಸೊಟ್ಟಗಿದೆ, ಬಿಚ್ಚಿ ನೇರ ಮಾಡಿಕೊಂಡು ಬಂದರೆ ಶೋಕೇಸಿಗೆ ಇಡುತ್ತೇನೆ ಅಂದಳು. ಜಾಡಿಯ ವಿಷಯ, ಜಪಾನಿನ ವಿಷಯ ಎಲ್ಲ ಹೇಳಿದೆ. ಗಿರಾಕಿಗಳಿಗೆ ಅದನ್ನೆಲ್ಲ ಹೇಳುತ್ತ ಕೂರುವುದಕ್ಕಾಗುತ್ತದೆಯೇ ಎಂದು ಕೇಳಿ, ಕೊನೆಗೆ ಮೆತ್ತಗೆ ಅಂದಳು: "ಹೆಣ್ದೋರಿಗೆ ಕಣ್ಣು ಕಾಣಲ್ಲ ಅಂದ್ಕೋತಾರೆ ಅಜ್ಜಿ."

"ಕಣ್ಣು ಕಂಡೇ ಸೊಟ್ಟ ಹೆಣ್ದಿರೋದು. ಒಂದೆಳೆನೂ ಬಿಚ್ಚಲ್ಲ."

ಹಾಗಾದರೆ ಗುಲಾಬಿಯದ್ದೇ ತನ್ನಿ, ಒಳಗೆ ಇಡೋಣ ಅಂದಳು. ಗುಲಾಬಿ ಇನ್ನು ಹೆಣೆಯುವುದಿಲ್ಲ ಎಂದು ಹೇಳಿ ಆರನ್ನೂ ಚೀಲಕ್ಕೆ ತುಂಬಿಕೊಂಡೆ. ಹದಿನೈದು ವರ್ಷದ ಅಂಗಡಿ ಅಲ್ಲಿಗೆ ಮುಗಿಯಿತು. ಬೇಜಾರಾಗಲಿಲ್ಲ ಎಂದರೆ ಸುಳ್ಳು. ಬಸ್‌ಸ್ಟ್ಯಾಂಡಿನವರೆಗೂ ಬೇಜಾರಿತ್ತು.

ಅಲ್ಲಿ ಚೀಲದಿಂದ ಒಂದನ್ನು ತೆಗೆದು ಸೀರೆಯ ಮೇಲೇ ಹಾಕಿಕೊಂಡೆ. ಸುಡು ಮಧ್ಯಾಹ್ನ, ಬೆವರು ಇಳಿಯುತ್ತಿತ್ತು. ಗುಬ್ಬಿ ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸು ಮೇಲಿಂದ ಕೆಳಗೆ ನೋಡಿ, ಜ್ವರವೇ ಎಂದು ಕೇಳಿದಳು.

"ಜ್ವರ ಇಲ್ಲ ಕಣವ್ವ. ನಾನೇ ಹೆಣ್ದಿದ್ದು. ಸರಿಯಾಗಿ ನೋಡು" ಎಂದು ಅವಳ ಕಡೆ ತಿರುಗಿ ಕೂತೆ.